ಗೊರಸಿನ ಗುರುತು, ಬಂಡೆಯ ಬರಹ

ಚಿತ್ರದುರ್ಗ ಜಿಲ್ಲೆಯ ಈಶಾನ್ಯದಲ್ಲಿ ಆಂಧ್ರದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನ ಅತ್ಯಲ್ಪ ಮಳೆಯ ಪ್ರದೇಶಗಳಲ್ಲಿ ಗಣನೆಗೆ ಬರುವಂಥವು. ವೇದಾವತಿಯೂ ಚಿನ್ನಹಗರಿಯೂ ವರ್ಷದ ಬಹುಭಾಗ ಮರಳಿನ ಪಾತ್ರಗಳಾಗಿಯೇ ಉಳಿಯುವ, ಕಮರ, ಬಾರೆ, ಜಾಲಿ, ತುಗ್ಗಲಿಗಳು ಬಂಡೆಗಳ ಸಂದಿನಲ್ಲಿ ಹಟದಿಂದ ಬೇರೂರಿರುವ, ಒಂದೆರಡು ಹದಮಳೆ ಬಿದ್ದೊಡನೆ ಮೈಲಿಗಟ್ಟಲೆ ಬಯಲು ಹುಲ್ಲಿನಿಂದ ತುಂಬಿಕೊಳ್ಳುವ ಈ ಸೀಮೆಯಲ್ಲಿ ಮನುಷ್ಯನು ಎಂದೂ ಒಂಟಿಯಾಗಿ ಬಾಳಿದವನಲ್ಲ. ದನ, ಕುರಿ, ಹುಲ್ಲು, ಮುಳ್ಳು, ಬಂಡೆ, ಬರಗಾಲ ಇವುಗಳೊಡನೆ ಕೂಡಿಯೇ ಅವನ ಕುಲ, ದೈವ, ಕಟ್ಟಳೆ, ಕಾವ್ಯ ಎಲ್ಲವೂ ರೂಪುಗೊಂಡಿವೆ. ಆದರೂ ಸಮಾಜವನ್ನು ಕುರಿತು ವಿಚಾರಣೆ ನಡೆಸುವ ವಿದ್ವಾಂಸನು ಬಹುಕಾಲದಿಂದ ಮನುಷ್ಯನ ಮಾತನ್ನು ಮಾತ್ರ ಸಾಕ್ಷ್ಯವೆಂದು ಸ್ವೀಕರಿಸಿ, ಉಳಿದ ಸಮಸ್ತವನ್ನೂ ಆ ಮಾತಿನ ಹಿನ್ನೆಲೆಯೆಂದು ಬದಿಗಿರಿಸುತ್ತ ಬಂದಿದ್ದಾನೆ. ಹಾಗೆ ಬದಿಗಿರಿಸಿದ್ದನ್ನು ಮತ್ತೆ ವಿಚಾರಣೆಯ ಕಟ್ಟೆಗೆ ಕರೆತಂದರೆ ಈ ಎರಡು ತಾಲ್ಲೂಕುಗಳ ಚರಿತ್ರೆ ಹೇಗೆ ಕಾಣುವುದೆಂಬುದೇ ಈ ಪ್ರಬಂಧದ ವಿಷಯ.

ಇಂಥ ವಿಚಾರಣೆಗೆ ಪಾಶ್ಚಾತ್ಯ ವಿದ್ವತ್ತಿನಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ಶಾಸ್ತ್ರೀಯ ಆಕಾರ ಬಂದಿದೆ. ಅದನ್ನು ಮಾನವೋತ್ತರ ದೃಷ್ಟಿಯೆಂದು ಕರೆಯಬಹುದು. 1986ರಲ್ಲಿ ಮಿಶೆಲ್ ಕಾಲೋನ್ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞನು ತನ್ನ ದೇಶದ ಸೇಂಟ್ ಬ್ರಿಯೂ ಕೊಲ್ಲಿಯ ಬೆಸ್ತರನ್ನೂ, ಅಲ್ಲಿಗೆ ಬಂದ ಸಂಶೋಧಕರನ್ನೂ, ಕಡಲ ಚಿಪ್ಪುಜೀವಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಯಾರು ಯಾರಿಗೆ ಒಡಂಬಟ್ಟರು, ಯಾರು ಒಡಂಬಡದೆ ಹೋದರು ಎಂದು ವಿಚಾರಿಸಿದನು. ಬ್ರೂನೋ ಲಾಟೂರ್, ಡೊನ್ನಾ ಹಾರವೇ, 2007ರಲ್ಲಿ ತನ್ನ ಮಹಾಗ್ರಂಥವನ್ನು ಹೊರತಂದ ಕರೆನ್ ಬರಾದ್ ಮೊದಲಾದವರು ಈ ವಿಚಾರವನ್ನು ಬೆಳೆಸಿದರು. ಅವರ ಪ್ರತಿಪಾದನೆಯ ಸಾರ ಇಷ್ಟು: ದತ್ತಾಂಶವೆಂಬುದು ಹೊಲದಲ್ಲಿ ಬಿದ್ದಿರುವ ಕಾಳಿನಂತೆ ಆಯ್ದುಕೊಳ್ಳುವ ಪದಾರ್ಥವಲ್ಲ, ಕೇಳುವವನು, ಹೇಳುವವನು, ಅವರ ನಡುವಿನ ಯಂತ್ರ, ಅವರು ಕುಳಿತ ನೆಲ, ಅವರನ್ನು ಸುತ್ತಿದ ಪ್ರಾಣಿಗಳು ಇವೆಲ್ಲವುಗಳ ಸಮಾಗಮದಲ್ಲಿ ಅದು ಹುಟ್ಟುತ್ತದೆ, ಆದುದರಿಂದ ಸಂದರ್ಶನದ ಮಾತುಗಳನ್ನು ತುಂಡರಿಸಿ, ಒಂದೊಂದು ತುಂಡಿಗೂ ಒಂದೊಂದು ಚೀಟಿ ಅಂಟಿಸಿ, ಚೀಟಿಗಳನ್ನು ಎಣಿಸಿದ ಮಾತ್ರಕ್ಕೆ ವಿಶ್ಲೇಷಣೆ ಮುಗಿಯದು.

ಈ ಪ್ರತಿಪಾದನೆಯನ್ನು ನಮ್ಮ ಸೀಮೆಯಲ್ಲಿ ಪರೀಕ್ಷಿಸುವುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಮೂರು ಬಂಡೆಗಳಿಗಿಂತ ಉತ್ತಮವಾದ ಆರಂಭ ದೊರೆಯದು. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳನ್ನು ಪತ್ತೆಹಚ್ಚಿದಾಗ ಕನ್ನಡನಾಡಿನ ಲಿಖಿತ ಚರಿತ್ರೆ ಕ್ರಿಸ್ತಪೂರ್ವ ಮೂರನೆಯ ಶತಮಾನದವರೆಗೆ ಹಿಂದಕ್ಕೆ ಸರಿಯಿತು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ಕೇಳುವುದರಿಂದ ಆರಂಭವಾಗುವ ಆ ಶಾಸನವನ್ನು ಚಪಡನೆಂಬ ಲಿಪಿಕಾರನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ಕಸುಬನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿರುವುದು ವಿದ್ವಾಂಸರಿಗೆಲ್ಲ ತಿಳಿದಿರುವ ಸಂಗತಿ. ತಾಯಿತಂದೆಗಳ ಸೇವೆ, ಗುರುಗಳ ಗೌರವ, ಸತ್ಯವಚನ ಇವುಗಳ ಜೊತೆಯಲ್ಲಿಯೇ ಪ್ರಾಣಿಗಳ ವಿಷಯದಲ್ಲಿ ದಯೆಯನ್ನು ದೃಢಗೊಳಿಸಬೇಕೆಂಬ ವಿಧಿ ಅಲ್ಲಿ ಉಂಟು. ನಮ್ಮ ನೆಲದ ಅತ್ಯಂತ ಪ್ರಾಚೀನವಾದ ಬರಹವು ಮನುಷ್ಯರ ಪರಸ್ಪರ ಕರ್ತವ್ಯಗಳನ್ನು ಹೇಳುವ ವಾಕ್ಯಸರಣಿಯಲ್ಲಿಯೇ ಮನುಷ್ಯೇತರ ಜೀವಗಳ ಕಡೆಗಿನ ಕರ್ತವ್ಯವನ್ನೂ ಹೇಳಿರುವುದು ಸಾಮಾನ್ಯವಾದ ಮಾತಲ್ಲ.

ಆದರೆ ಬಂಡೆಗಳ ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಯಾರೂ ಉಳಿಯದ ಎಷ್ಟೋ ಶತಮಾನಗಳಲ್ಲಿ ಸುತ್ತಲ ಹಳ್ಳಿಗರು ಆ ಕಲ್ಲುಗಳೊಡನೆ ತಮ್ಮದೇ ಆದ ಸಂಬಂಧವನ್ನು ಇರಿಸಿಕೊಂಡಿದ್ದರು. ಬ್ರಹ್ಮಗಿರಿಯದು ಅವರಿಗೆ ಅಕ್ಷರಗುಂಡು. ಅದಕ್ಕೆ ರೋಗಗಳನ್ನು ಗುಣಪಡಿಸುವ ಶಕ್ತಿಯುಂಟೆಂದು ಅವರು ನಂಬಿದ್ದರು. ಸಿದ್ದಾಪುರದ ಬಂಡೆಗೆ ಎಮ್ಮೆ ಕಾಯುವ ತಿಮ್ಮಯ್ಯನೆಂಬವನ ಹೆಸರು ಸೇರಿತ್ತು. ಜಟಿಂಗ ರಾಮೇಶ್ವರದ ಬಂಡೆ, ಜಾತ್ರೆಗೆ ಬರುವ ಬಳೆಗಾರರು ಕೂರುವ ಬಳೆಗಾರ ಗುಂಡಾಗಿತ್ತು. ಶಾಸನಶಾಸ್ತ್ರಜ್ಞನು ಕಲ್ಲನ್ನು ಬರಹದ ಆಧಾರವೆಂದು ಮಾತ್ರ ಕಂಡು, ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ಇಳಿಸಿಕೊಂಡು ಹೊರಟುಹೋಗುತ್ತಾನೆ. ಅವನು ಮಾಡಿದ್ದು ಮಹತ್ತಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೋಗಿಯನ್ನೂ, ಎಮ್ಮೆ ಕಾಯುವವನನ್ನೂ, ಬಳೆಗಾರರನ್ನೂ ತನ್ನ ಸುತ್ತ ಸೇರಿಸಿಕೊಂಡ ಆ ಬಂಡೆ, ಚಕ್ರವರ್ತಿಯ ಆಜ್ಞೆಯನ್ನು ಹೊತ್ತಷ್ಟೇ ಸಹಜವಾಗಿ ಈ ಸೀಮೆಯ ಸಮಾಜಚರಿತ್ರೆಯನ್ನೂ ಹೊತ್ತಿದೆಯೆಂದು ಕಾಣುವುದಕ್ಕೆ ಮತ್ತೊಂದು ಬಗೆಯ ಓದು ಬೇಕಾಗುತ್ತದೆ.

ಬ್ರಹ್ಮಗಿರಿಯ ಬುಡದಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣ ಅವರು ಮೊದಲು ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯೇ ಪದರಪದರವಾಗಿ ಮಣ್ಣನ್ನು ಬಿಡಿಸಿ, ನಯಗೊಳಿಸಿದ ಕಲ್ಲುಕೊಡಲಿಯವರು, ಬೃಹತ್‌ಶಿಲಾ ಗೋರಿಗಳನ್ನು ಕಟ್ಟಿದ ಕಬ್ಬಿಣಬಲ್ಲವರು, ಆಂಧ್ರ ಸಂಸ್ಕೃತಿಯವರು ಎಂದು ಮೂರು ಘಟ್ಟಗಳನ್ನು ಗುರುತಿಸಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಕ್ರಮದ ಚೌಕಟ್ಟು ದೊರೆತದ್ದು ಈ ಅಗೆತದಿಂದ. ವ್ಹೀಲರರು ಕಲ್ಲುಕೊಡಲಿಯ ಕಾಲವನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನಕ್ಕೆ ಸೇರಿಸಿದ್ದರು. ಇಂಗಾಲದ ಕಾಲಮಾಪನ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಅದಕ್ಕಿಂತ ಬಹಳ ಹಿಂದಿನದೆಂದು ಸಿದ್ಧವಾಯಿತು. ಪಂಡಿತರ ಊಹೆಯನ್ನು ಇಲ್ಲಿ ತಿದ್ದಿದ್ದು ಮತ್ತೊಬ್ಬ ಪಂಡಿತನ ವಾದವಲ್ಲ, ಮಣ್ಣಿನಲ್ಲಿ ಹುದುಗಿದ್ದ ಸುಟ್ಟ ಇದ್ದಿಲು.

ಇದಕ್ಕಿಂತಲೂ ವಿಸ್ಮಯಕರವಾದದ್ದು ನೆರೆಯ ಬಳ್ಳಾರಿ ಜಿಲ್ಲೆಯಿಂದ ತೆಲುಗುನಾಡಿನವರೆಗೆ ಹರಡಿರುವ ಬೂದಿದಿಬ್ಬಗಳ ವೃತ್ತಾಂತ. ಕುಡತಿನಿಯ ದಿಬ್ಬವನ್ನು ಜನರು ರಾಕ್ಷಸರ ಚಿತೆಯ ಬೂದಿಯೆಂದು ಹೇಳುತ್ತ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳೂ ಭೂಗರ್ಭಜ್ಞರೂ ಅದರ ಹುಟ್ಟಿನ ವಿಷಯದಲ್ಲಿ ಬಗೆಬಗೆಯಾಗಿ ತರ್ಕಿಸಿದರು. ರಾಬರ್ಟ್ ಬ್ರೂಸ್ ಫೂಟ್ ಅವರು ಅದು ಸುಟ್ಟ ಸಗಣಿಯೆಂಬ ನಿರ್ಣಯದ ಕಡೆಗೆ ಬಂದರು. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಕಂಡುಬಂದವು. ಶತಮಾನಕ್ಕೂ ಮಿಕ್ಕ ವಾಗ್ವಾದಕ್ಕೆ ಹೀಗೆ ನಾಲ್ಕು ಸಾವಿರ ವರ್ಷಗಳ ಹಿಂದೆ ತನ್ನ ರೊಪ್ಪದಲ್ಲಿ ಕಾಲೂರಿ ನಿಂತಿದ್ದ ದನವೇ ಉತ್ತರವನ್ನು ಕೊಟ್ಟಂತಾಯಿತು. 1963ರಲ್ಲಿ ಆಲ್ಚಿನ್ ಅವರು ಪ್ರಕಟಿಸಿದ ಗ್ರಂಥವು ಆ ಕಾಲದ ಜನರನ್ನು ದನಗಾಹಿಗಳೆಂದೇ ಹೆಸರಿಸಿತು. ಹೆಜ್ಜೆಯ ಗುರುತೂ ಒಂದು ಬಗೆಯ ಲೇಖನವೆಂದು ಒಪ್ಪುವವರು, ಚಪಡನಿಗಿಂತ ಬಹು ಹಿಂದಿನ ಲಿಪಿಕಾರರು ಈ ದನಗಳೇ ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಅಂದಿನ ಆ ದನಗಾಹಿಗಳಿಂದ ಇಂದಿನ ಹಟ್ಟಿಗಳವರೆಗೆ ಅಖಂಡವಾದ ವಂಶಾವಳಿಯನ್ನು ಎಳೆಯುವುದು ಸಾಹಸವಾದೀತು. ಅದು ಇಲ್ಲಿ ಅಗತ್ಯವೂ ಅಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರುಗಳ ಮ್ಯಾಸಬೇಡರು ಇಂದಿಗೂ ದನದ ಸುತ್ತ ಕಟ್ಟಿಕೊಂಡಿರುವ ಸಾಮಾಜಿಕ ವ್ಯವಸ್ಥೆಯನ್ನು ನೋಡಿದವರಿಗೆ, ಮಾನವೋತ್ತರವೆಂದು ಈಗ ಹೆಸರಾಗಿರುವ ದೃಷ್ಟಿ ಈ ಬಯಲಿಗೆ ಹೊಸದಾಗಿ ಆಮದಾಗಬೇಕಾದ ಸರಕಲ್ಲವೆಂಬುದು ಸ್ಪಷ್ಟವಾಗುತ್ತದೆ. ಕೋಳಿಯನ್ನು ತಿನ್ನದ, ಈಚಲ ಸೇಂದಿಯನ್ನು ಮುಟ್ಟದ ಕಟ್ಟಳೆಯುಳ್ಳ ಈ ಕುಲದಲ್ಲಿ ಕಟ್ಟೆಮನೆಯೆಂಬ ಒಂದೊಂದು ಕುಲನೆಲೆಗೂ ತನ್ನ ದೈವವುಂಟು, ಆ ದೈವಕ್ಕೆ ಸೇರಿದ ದೇವರ ಎತ್ತುಗಳ ಹಿಂಡುಂಟು. ಆ ಎತ್ತುಗಳ ಹೆಗಲಿಗೆ ನೊಗ ಬೀಳುವುದಿಲ್ಲ. ಹಿಂಡಿನ ಹಸುವಿನ ಹಾಲು ಮಾರಾಟದ ವಸ್ತುವಲ್ಲ, ಕರುವಿನ ಪಾಲು. ಅವುಗಳನ್ನು ಕಾಯುವ ಕಿಲಾರಿಯು ಕೂಲಿಯಾಳಲ್ಲ. ನೇಮನಿಷ್ಠೆಗಳಿಗೆ ಒಳಪಟ್ಟು, ಹಿಂಡು ಎಲ್ಲಿ ಮೇಯುವುದೋ ಅಲ್ಲಿ ತಾನೂ ತಂಗಿ, ಹುಲ್ಲು ಮುಗಿದೆಡೆಯಿಂದ ಹುಲ್ಲು ಇರುವೆಡೆಗೆ ಅದರೊಡನೆ ನಡೆಯುವ ವ್ರತಸ್ಥನು. ದೇವರ ಎತ್ತು ಸತ್ತರೆ ಕುಲದ ಹಿರಿಯನಿಗೆ ಸಲ್ಲುವಂಥ ಮರ್ಯಾದೆಯಿಂದ ಅದನ್ನು ಮಣ್ಣುಮಾಡುತ್ತಾರೆ. ಬರಗಾಲದಲ್ಲಿ ಮನೆಯ ಧಾನ್ಯದ ಚಿಂತೆಯ ಜೊತೆಯಲ್ಲಿಯೇ ಈ ಹಿಂಡುಗಳ ಮೇವಿನ ಚಿಂತೆಯೂ ಹಟ್ಟಿಯ ಪಂಚಾಯಿತಿಯ ಮುಂದೆ ಬರುತ್ತದೆ.

ಇವರ ವೀರಪುರುಷರ ಕಥೆಗಳೂ ಇದೇ ನ್ಯಾಯವನ್ನು ಅನುಸರಿಸುತ್ತವೆ. ಗಾದ್ರಿಪಾಲನಾಯಕನು ದನಗಳ ರಕ್ಷಣೆಗಾಗಿ ಹುಲಿಯೊಡನೆ ಕಾದಿದ ವೀರ. ಮಿಂಚೇರಿಯ ಅವನ ನೆಲೆಗೆ ಇಂದಿಗೂ ಎತ್ತಿನ ಗಾಡಿಗಳಲ್ಲಿ ಯಾತ್ರೆ ಹೊರಡುವ ಭಕ್ತರು, ಅವನೊಡನೆ ಸೆಣಸಿದ ಹುಲಿರಾಯನಿಗೂ ಪೂಜೆ ಸಲ್ಲಿಸುತ್ತಾರೆ. ಇದೇ ಬಯಲಿನ ಕಾಡುಗೊಲ್ಲರ ಮಹಾಕಾವ್ಯದ ನಾಯಕನಾದ ಜುಂಜಪ್ಪನನ್ನು ಬಡಮೈಲನೆಂಬ ಹೋರಿಯಿಂದ ಬೇರ್ಪಡಿಸಿ ಚಿತ್ರಿಸುವುದು ಸಾಧ್ಯವಿಲ್ಲ. ಅವನ ಕಥೆಯನ್ನು ಹಾಡುವವರ ಕೈಯಲ್ಲಿರುವ ಗಣೆಯೆಂಬ ನೀಳವಾದ ಬಿದಿರಿನ ಕೊಳಲು, ದನಗಾಹಿಯ ಅಡವಿಯ ಒಂಟಿತನದಲ್ಲಿ ಹುಟ್ಟಿ ದೈವದ ಗುಡಿಯನ್ನು ಸೇರಿದ ವಾದ್ಯ. ಅದರ ನಾದವಿಲ್ಲದೆ ಆ ಕಾವ್ಯಕ್ಕೆ ಆರಂಭವಿಲ್ಲ. ಪುರ್ಲಹಳ್ಳಿಯ ಬಳಿಯ ವಸಲುದಿನ್ನೆಯಲ್ಲಿ ನಡೆಯುವ, ಇದೇ ಕಾಡುಗೊಲ್ಲರ ದೈವವಾದ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆಯ ಮುಳ್ಳುಗಳಿಂದಲೇ ಗುಡಿಯನ್ನು ಕಟ್ಟಿ, ನಿಯಮಿತರಾದವರು ಬರಿಗಾಲಿನಲ್ಲಿ ಆ ಮುಳ್ಳಿನ ರಾಶಿಯನ್ನೇರಿ ತುದಿಯ ಕಳಶವನ್ನು ಇಳಿಸುತ್ತಾರೆ. ದನದ ರೊಪ್ಪಕ್ಕೆ ಬೇಲಿಯಾಗುವ ಮುಳ್ಳು ಅಲ್ಲಿ ದೇವಾಲಯವಾಗುವುದನ್ನು ಅರಿಯದೆ, ಆ ಏರಾಟವನ್ನು ಕೇವಲ ಮನುಷ್ಯರ ಸಾಹಸಪ್ರದರ್ಶನವೆಂದು ದಾಖಲಿಸುವ ಸಂಶೋಧಕನು ಅರ್ಧವನ್ನು ಮಾತ್ರ ಕಂಡವನು.

ಹಟ್ಟಿಯು ದನವನ್ನು ಬಂಧುವೆಂದು ಎಣಿಸುತ್ತಿದ್ದ ಕಾಲದಲ್ಲಿಯೇ ಮೈಸೂರಿನ ಅರಮನೆಯು ಅದನ್ನು ಬೇರೊಂದು ಬಗೆಯಲ್ಲಿ ಎಣಿಸತೊಡಗಿತು. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂಬ ದನಗಳ ಇಲಾಖೆಯಿದ್ದಿತು. ಹೈದರನ ಕಾಲದಲ್ಲಿ ಅದು ಸೈನ್ಯದ ಬೆನ್ನೆಲುಬಾಗಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನೂ, ಪಾಲನೆಯ ಕ್ರಮವನ್ನು ವಿಧಿಸುವ ಹುಕುಂನಾಮೆಯನ್ನೂ ಪಡೆಯಿತು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದದ್ದೂ, ಟಿಪ್ಪುವು ಜನರಲ್ ಮೆಡೋಸನ ಮುಂದೆ ಎರಡು ದಿನಗಳಲ್ಲಿ 63 ಮೈಲಿ ಸಾಗಿದ್ದೂ ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಯುದ್ಧಚರಿತ್ರೆಯಲ್ಲಿ ಸೇನಾನಿಯ ಹೆಸರಿನ ಮುಂದೆ ಬರೆದಿರುವ ಆ ಮೈಲಿಗಳಲ್ಲಿ ಒಂದೊಂದೂ ಗೊರಸಿನಿಂದ ಅಳೆದದ್ದು. ಗೊರಸಿಗೆ ಆ ಶಕ್ತಿಯನ್ನು ಕೊಟ್ಟದ್ದು ಕಾವಲಿನ ಹುಲ್ಲು. ಋತುವಿಗೆ ತಕ್ಕಂತೆ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಹಿಂಡುಗಳನ್ನು ಒಂದೆಡೆಯಿಂದ ಮತ್ತೊಂದೆಡೆಗೆ ನಡೆಸುತ್ತಿದ್ದ ಆ ಆಡಳಿತಕ್ರಮವನ್ನು ರೂಪಿಸಿದ್ದು ಅರಸನ ಬುದ್ಧಿಯಷ್ಟೇ ಅಲ್ಲ. ಮಳೆಯ ಚಲನೆಯೂ ದನದ ಹಸಿವೂ ಅದರ ಸಹಕರ್ತೃಗಳು.

1799ರಲ್ಲಿ ಟಿಪ್ಪುವಿನ ಪತನವಾದ ತರುವಾಯ ಈ ಹಿಂಡುಗಳು ಕ್ಷೀಣಿಸಿದವು; 1813ರಲ್ಲಿ ಮದರಾಸು ಸರ್ಕಾರದ ಸೈನಿಕ ಅಧಿಕಾರಿಯೊಬ್ಬನ ವಶಕ್ಕೆ ಬಂದು ಮತ್ತೆ ವೃದ್ಧಿಗೊಂಡವು; 1860ರಲ್ಲಿ ಮಿತವ್ಯಯದ ನೆಪದಿಂದ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು; ಆರು ವರ್ಷಗಳಲ್ಲಿ ಅದರ ಕೇಡು ಮನವರಿಕೆಯಾಗಿ 1866ರಲ್ಲಿ ಪುನಃ ಸ್ಥಾಪಿಸಿದರು. ಅನಂತರದ ಕಾಲ ಗಣತಿಯ ಕಾಲ. 1871ರಲ್ಲಿ ಮೈಸೂರು ಸಂಸ್ಥಾನದ ಕ್ರಮಬದ್ಧವಾದ ಜನಗಣತಿ ನಡೆಯಿತು. 1909ರಲ್ಲಿ ಥರ್ಸ್ಟನ್ ಅವರ ಏಳು ಸಂಪುಟಗಳು, 1928ರಿಂದ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು ಬೇಡರನ್ನೂ ಗೊಲ್ಲರನ್ನೂ ಕುಲವಾರು ವಿವರಿಸಿದವು. 1919–20ರಿಂದ ಜಾನುವಾರುಗಳ ಗಣತಿ ಪ್ರತ್ಯೇಕವಾಗಿ ನಡೆಯತೊಡಗಿತು. ಈ ಗ್ರಂಥಗಳಿಲ್ಲದೆ ನಾವು ಇಂದು ಒಂದು ಹೆಜ್ಜೆಯನ್ನೂ ಇಡಲಾರೆವೆಂಬುದು ನಿಜ. ಆದರೆ ಕಿಲಾರಿಯು ಒಂದು ಪುಸ್ತಕದಲ್ಲಿಯೂ, ಅವನ ಎತ್ತು ಇನ್ನೊಂದು ಪುಸ್ತಕದಲ್ಲಿಯೂ, ಇಬ್ಬರನ್ನೂ ಪೊರೆಯುವ ಹುಲ್ಲು ಅರಣ್ಯ ಅಥವಾ ಕಂದಾಯ ಇಲಾಖೆಯ ಮೂರನೆಯ ಪುಸ್ತಕದಲ್ಲಿಯೂ ದಾಖಲಾದ ಮೇಲೆ, ಅವರನ್ನು ಒಂದುಗೂಡಿಸಿದ್ದ ಸಂಬಂಧ ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಹೋಯಿತು.

ಈ ಲೋಪವು ಕೇವಲ ಪಾಂಡಿತ್ಯದ ಲೋಪವಲ್ಲವೆಂಬುದು ನಮ್ಮ ಕಾಲದಲ್ಲಿಯೇ ಪ್ರತ್ಯಕ್ಷವಾಯಿತು. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಚಳ್ಳಕೆರೆಯ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆಯಷ್ಟು ಹುಲ್ಲುಗಾವಲು ವಿವಿಧ ಸಂಸ್ಥೆಗಳಿಗೆ ಹಂಚಿಕೆಯಾಯಿತು; ಅವುಗಳಲ್ಲಿ ಮುಖ್ಯವಾಗಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋ ಸಂಸ್ಥೆಗೆ 573. ಸುತ್ತಲ ಹಳ್ಳಿಗರು ಗೋಡೆಗಳನ್ನು ಪ್ರತಿಭಟಿಸಿದರು; ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು; 2014ರ ತೀರ್ಪು ಷರತ್ತುಗಳೊಡನೆ ಯೋಜನೆಗಳಿಗೆ ಎಡೆಗೊಟ್ಟಿತು. 2017ರಲ್ಲಿ ಅಲ್ಲಿ ವಿಮಾನಪರೀಕ್ಷಾ ವಲಯ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನವು ತಾನೇ ದಾರಿ ಕಂಡುಕೊಂಡು ಅಲ್ಲಿನ ಓಡುದಾರಿಯಲ್ಲಿ ಇಳಿಯಿತು. ದೇಶದ ವಿಜ್ಞಾನಿಗಳ ಸಾಧನೆ ಸ್ತುತ್ಯವಾದದ್ದೇ. ಆದರೆ ಕಡತದಲ್ಲಿ ಎಕರೆಯೆಂಬ ಒಂದೇ ಅಂಕಿಯಾಗಿ ಇಳಿದ ಆ ನೆಲವು ಕುರಿಗೂ ಕಂಬಳಿಗೂ, ದೇವರ ಎತ್ತಿಗೂ ಕೃಷ್ಣಮೃಗಕ್ಕೂ ಆಧಾರವಾಗಿತ್ತೆಂಬುದನ್ನು ಗೋಡೆ ಏಳುವ ಮೊದಲೇ ಹೇಳಬಲ್ಲ ದತ್ತಾಂಶ ಕಚೇರಿಯ ಮೇಜಿನ ಮೇಲೆ ಇದ್ದಿದ್ದರೆ, ಹಂಚಿಕೆಯ ಚರ್ಚೆ ಬೇರೊಂದು ಪ್ರಶ್ನೆಯಿಂದ ಆರಂಭವಾಗಬಹುದಾಗಿತ್ತು.

ಹಾಗಾದರೆ ಸಂಶೋಧಕನು ಮಾಡಬೇಕಾದುದೇನು? ಕಿಲಾರಿಯೊಬ್ಬನ ಮಾತನ್ನು ಧ್ವನಿಮುದ್ರಿಸಿಕೊಂಡವನು ಅದನ್ನು ಬರಹಕ್ಕಿಳಿಸುವಾಗ ಕೊರಳಗಂಟೆಯ ಸದ್ದನ್ನೂ, ಹಿಂಡಿನ ಅಂಬಾಕಾರವನ್ನೂ, ಎತ್ತೊಂದು ದಿಕ್ಕು ತಪ್ಪಿದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅವನು ಹಾಕಿದ ಕೂಗನ್ನೂ ಗದ್ದಲವೆಂದು ಅಳಿಸಿಹಾಕುವುದು ವಾಡಿಕೆ. ಅಳಿಸದೆ ಉಳಿಸಿಕೊಂಡರೆ, ಅವನ ಮಾತಿನ ವೇಗವನ್ನೂ ವಿರಾಮವನ್ನೂ ನಿಯಮಿಸುತ್ತಿದ್ದುದು ಸಂಶೋಧಕನ ಪ್ರಶ್ನೆಗಿಂತ ಹೆಚ್ಚಾಗಿ ಹಿಂಡಿನ ನಡೆಯೆಂಬುದು ಗೋಚರವಾಗುತ್ತದೆ. ಯಾವ ಹುಲ್ಲಿನ ಬಳಿ ಯಾವ ಪೂರ್ವಜನ ನೆನಪು ಬಂದಿತು, ಯಾವ ಬಂಡೆಯ ಬಳಿ ಮಾತು ನಿಂತಿತು ಎಂಬುದೂ ವಿಶ್ಲೇಷಣೆಗೆ ಒದಗುತ್ತದೆ. ಮೊಳಕಾಲ್ಮೂರಿನ ರೇಷ್ಮೆಸೀರೆಯ ನೇಕಾರನನ್ನು ಕುರಿತು ಬರೆಯುವವನು ಕುಣಿಮಗ್ಗವನ್ನೂ ರೇಷ್ಮೆಯ ಎಳೆಯನ್ನೂ ಕೇವಲ ಉಪಕರಣವೆಂದು ಬಿಡದೆ, ಅವನ ಬೆನ್ನನ್ನೂ ದಿನಚರಿಯನ್ನೂ ಬಗ್ಗಿಸಿದ ಶಕ್ತಿಗಳೆಂದು ಕಾಣಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರ ಅತ್ಯವಶ್ಯ. ದನಕ್ಕೂ ಹುಲ್ಲಿಗೂ ಸಾಕ್ಷಿಯ ಸ್ಥಾನವನ್ನು ಕೊಡುವ ಉತ್ಸಾಹದಲ್ಲಿ, ಇನ್ನೂ ಪೂರ್ಣವಾಗಿ ಆ ಸ್ಥಾನವನ್ನು ಪಡೆಯದ ಮನುಷ್ಯರನ್ನು ಮರೆಯುವುದು ಅನ್ಯಾಯವಾದೀತು. ರೊಪ್ಪದ ಕರುವನ್ನು ತೋಳದಿಂದ ಕಾಪಾಡುವ ಮುಳ್ಳುಬೇಲಿಯೇ, ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಹೊರಗಿರಿಸುವ ಎಲ್ಲೆಯೂ ಆಗಿತ್ತು. ಬೇಲಿಯ ಒಂದು ಮುಖವನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವ ವಿಶ್ಲೇಷಣೆ ಸತ್ಯಕ್ಕೆ ದೂರವಾದದ್ದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರವನ್ನು ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತು ಹಾಡಿ, ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೆ ಪಾತ್ರಳಾದ ತಾಯಿ. ಕೃಷ್ಣಮೂರ್ತಿ ಹನೂರರಂಥವರು ಹತ್ತಿರ ಕುಳಿತು ಕೇಳದೆ ಹೋಗಿದ್ದರೆ ಆ ಸಂಪತ್ತಿನ ಬಹುಭಾಗ ನಮಗೆ ದಕ್ಕುತ್ತಿರಲಿಲ್ಲ. ಮಾನವೋತ್ತರ ದೃಷ್ಟಿ ಸಾಕ್ಷಿಗಳ ವಲಯವನ್ನು ಹಿಗ್ಗಿಸಬೇಕೇ ಹೊರತು, ಒಬ್ಬರನ್ನು ಎಬ್ಬಿಸಿ ಮತ್ತೊಬ್ಬರನ್ನು ಕೂರಿಸಕೂಡದು. ಅಲ್ಲದೆ, ಕಾರ್ಯದಲ್ಲಿ ಕರ್ತೃತ್ವ ದನಕ್ಕೂ ಮಳೆಗೂ ಕಲ್ಲಿಗೂ ಹಂಚಿಹೋಗಿದ್ದರೂ, ಹೊಣೆ ಮಾತ್ರ ಹಾಗೆ ಹಂಚಿಹೋಗುವುದಿಲ್ಲ. ಕಾವಲನ್ನು ಉಳಿಸಿದೆಯೋ ಕಳೆದೆಯೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮನುಷ್ಯನೊಬ್ಬನೇ.

ಇನ್ನು ಮುಂದೆ ಚಳ್ಳಕೆರೆ, ಮೊಳಕಾಲ್ಮೂರುಗಳ ಹಟ್ಟಿಗಳಿಗೆ ಪ್ರಶ್ನಾವಳಿಯನ್ನು ಹಿಡಿದು ಹೋಗುವ ನಮ್ಮ ವಿಶ್ವವಿದ್ಯಾಲಯಗಳ ತರುಣ ಸಂಶೋಧಕರಲ್ಲಿ ಒಂದು ವಿಜ್ಞಾಪನೆ: ಕುಟುಂಬದ ಸದಸ್ಯರೆಷ್ಟು ಎಂದು ಕೇಳುವ ಅಂಕಣದ ಪಕ್ಕದಲ್ಲಿಯೇ ಅವರೊಡನೆ ಬಾಳುವ ದನವೆಷ್ಟು, ಅದು ಮೇಯುವ ನೆಲ ಯಾವುದು, ಅಲ್ಲಿ ಈಗ ಯಾವ ಹುಲ್ಲು ಬೆಳೆಯುತ್ತದೆ, ಯಾವುದು ಬೆಳೆಯುವುದನ್ನು ನಿಲ್ಲಿಸಿದೆ ಎಂಬುದನ್ನೂ ಬರೆದುಕೊಳ್ಳಿರಿ, ಬರೆದುದನ್ನು ಹಟ್ಟಿಯ ಗಂಡಸರ ಮುಂದೆಯೂ ಹೆಂಗಸರ ಮುಂದೆಯೂ ಓದಿ ಹೇಳಿ, ಅವರು ತಿದ್ದಿದಂತೆ ತಿದ್ದಿಕೊಂಡ ಮೇಲೆಯೇ ವಿಶ್ಲೇಷಣೆಗೆ ಕೈಯಿಡಿರಿ.